ಕಣಿವೆ ನೋಡಲು ಹೋದವನ ಚಪ್ಪಲಿ

"ಗುರುಗಳೇ, ನಾನೂ ಬೋಧನೆಗೆ ಕೂರುವ ಕಾಲ ಬಂದಿತಲ್ಲವೇ?" ಎಂದು ಮುರಿಗಯ್ಯ ಕೇಳಿದ.

ಅವನು ಆಗತಾನೇ ಪೇಟೆಯಲ್ಲಿ ಭಿಕ್ಷೆ ಮುಗಿಸಿಕೊಂಡು ಮಠಕ್ಕೆ ಮರಳಿದ್ದ. ಕಾಲು ತೊಳೆಯುವುದಕ್ಕೂ ಪುರಸೊತ್ತಿಲ್ಲದೆ ಅಂಗಳದಲ್ಲೇ ನಿಂತು ಕೇಳಿದ್ದ. ಗುರುಗಳು ಜಗಲಿಯ ಮೇಲೆ ಕುಳಿತು ಅಂಗಾಲಿಗೆ ಚುಚ್ಚಿದ ಮುಳ್ಳು ಕೀಳುತ್ತಿದ್ದರು. "ಯಾಕಪ್ಪಾ, ಹಾಗೇಕೆ ಅನ್ನಿಸಿತು?" ಎಂದರು.

"ನಿನ್ನೆಯವರೆಗೆ ನನ್ನನ್ನು ಕಂಡರೂ ಕಾಣದಂತೆ ಹೋಗುತ್ತಿದ್ದ ಜನ ಇವತ್ತು ದಾರಿಯುದ್ದಕ್ಕೂ ನನ್ನ ಕಾಲಿಗೆ ಬಿದ್ದರು. ನಾನು ಕಲಿತದ್ದು ಈಗ ಮುಖದಲ್ಲಿ ಕಾಣತೊಡಗಿರಬೇಕು."

ಗುರುಗಳು ಕಿತ್ತ ಮುಳ್ಳನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಜಪಾನ್ ದೇಶದಲ್ಲಿ ಬೆಟ್ಟಗಳ ನಡುವೆ ಒಂದು ಕಣಿವೆ. ಅಲ್ಲಿ ಒಂದು ಜಲಪಾತ, ಒಂದು ತೂಗುಸೇತುವೆ, ಹಳೆಯ ಗುಡಿಯೊಳಗೆ ಒಬ್ಬ ಬುದ್ಧ, ಬಿಸಿನೀರಿನ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರುವ ಕೋತಿಗಳು. ದೂರದ ಪಟ್ಟಣದಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನಿಗೆ ಎಲ್ಲವೂ ಇತ್ತು, ಮರ್ಯಾದೆಯೊಂದು ಇರಲಿಲ್ಲ. ಅವನ ಬೀದಿಯ ವ್ಯಾಪಾರಿಗಳೆಲ್ಲ ಈ ಕಣಿವೆ ನೋಡಿ ಬಂದು ಔತಣಗಳಲ್ಲಿ ಗಂಟೆಗಟ್ಟಲೆ ವರ್ಣಿಸುತ್ತಿದ್ದರು. ಇವನು ಮೂಲೆಯಲ್ಲಿ ಕುಳಿತು ಸುಮ್ಮನೆ ಉಣ್ಣುತ್ತಿದ್ದ. ಪಾಪ, ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಮುಂದಿನ ಔತಣದಲ್ಲಿ ತಾನು ಹೇಳಬೇಕು, ಅವರೆಲ್ಲ ಬಾಯಿ ಬಿಟ್ಟುಕೊಂಡು ಕೇಳಬೇಕು ಎಂದು ಹಟ ತೊಟ್ಟು ಬಸ್ಸು ಹತ್ತಿದ.

ಆ ನಾಡಿನಲ್ಲಿ ಹೊರಗಿನ ಪಾದರಕ್ಷೆ ಮನೆಯೊಳಗೆ ಬರುವುದಿಲ್ಲ. ಒಳಗೆ ಓಡಾಡಲು ಬೇರೆ ಚಪ್ಪಲಿ ಇಟ್ಟಿರುತ್ತಾರೆ. ಶೌಚಾಲಯಕ್ಕೆ ಇನ್ನೊಂದು ಜೊತೆ. ಅದನ್ನು ಅಲ್ಲಿಯೇ ಮೆಟ್ಟಬೇಕು, ಅಲ್ಲಿಯೇ ಬಿಡಬೇಕು. ಹೊಸ್ತಿಲು ದಾಟಿಸಿದರೆ ಮಾನ ಹೋಯಿತೆಂದೇ ಲೆಕ್ಕ. ವ್ಯಾಪಾರಿ ಇಳಿದುಕೊಂಡ ವಸತಿಗೃಹದ ಒಡತಿ ಬಲು ಹುಷಾರಿನವಳು. ಯಾರೂ ಮರೆಯದಿರಲೆಂದು ಕೆಂಪು ರಬ್ಬರಿನ ಚಪ್ಪಲಿ ತಂದು, ಎರಡರ ಮೇಲೂ 'ಶೌಚಾಲಯ' ಎಂದು ಬಿಳಿಯ ದಪ್ಪ ಅಕ್ಷರದಲ್ಲಿ ಬರೆಸಿದ್ದಳು.

ಮರುದಿನ ಬೆಳಿಗ್ಗೆ ವ್ಯಾಪಾರಿ ಶೌಚಾಲಯದಲ್ಲಿದ್ದಾಗಲೇ ಉಳಿದ ಪ್ರವಾಸಿಗಳು ಹೊರಡುವ ಗದ್ದಲ ಹೊರಗಿನಿಂದ ಕೇಳಿಸಿತು. ಅವರಿಗಿಂತ ಮೊದಲು ಜಲಪಾತ ಮುಟ್ಟಬೇಕೆಂದು ಅವನಿಗೆ ಕಾಲು ನಿಲ್ಲಲಿಲ್ಲ. ಪಕ್ಕದಲ್ಲೇ ಹಿತ್ತಲ ಬಾಗಿಲು ತೆರೆದಿತ್ತು. ನೆಟ್ಟಗೆ ಹೊರಬಿದ್ದ.

ದಾರಿಯಲ್ಲಿ ಚಹಾ ಮಾರುವ ಮುದುಕಿಯೊಬ್ಬಳು ಅವನ ಪಾದ ನೋಡಿದಳು. ಸೊಂಟದವರೆಗೆ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ, ಭುಜ ಕುಲುಕತೊಡಗಿತು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು. 'ಎಂಥ ಭಕ್ತಿ!' ಎಂದು ವ್ಯಾಪಾರಿಯ ಎದೆ ತುಂಬಿ ಬಂತು. ಜಲಪಾತದ ಬಳಿ ನೆರೆದಿದ್ದವರೂ ತಲೆ ತಗ್ಗಿಸಿದರು. ಅಷ್ಟು ತಲೆಗಳು ತಗ್ಗಿರುವಾಗ ನೀರು ಬೀಳುವುದನ್ನು ಯಾರು ನೋಡುತ್ತಾರೆ? ಅವನು ಜಲಪಾತಕ್ಕೆ ಬೆನ್ನು ತಿರುಗಿಸಿ ಜನರನ್ನು ನೋಡುತ್ತ ನಿಂತ. ತೂಗುಸೇತುವೆಯ ಮೇಲೆ ಎದುರಿಗೆ ಬಂದವರು ಹಗ್ಗಕ್ಕೆ ಅಂಟಿಕೊಂಡು ದಾರಿ ಬಿಟ್ಟರು. ಇವನು ಮೆರವಣಿಗೆಯಲ್ಲಿ ಹೋಗುವ ಮದುಮಗನ ಹಾಗೆ ನಿಧಾನವಾಗಿ ನಡೆದ.

ಗುಡಿಯ ಮುಂದೆ ಭಿಕ್ಷುವೇ ಓಡೋಡಿ ಬಂದು ಕೈಮುಗಿದು ಅಡ್ಡ ನಿಂತ. "ಯಜಮಾನರೇ, ತಾವು ಒಳಗೆ ಬರುವ ಶ್ರಮ ತೆಗೆದುಕೊಳ್ಳಬಾರದು. ಮೆಟ್ಟಿಲನ್ನೂ ಹತ್ತಬಾರದು. ಬುದ್ಧ ಅಲ್ಲಿಂದಲೇ ಕಾಣುತ್ತಾನೆ" ಎಂದ. ತನ್ನ ಶ್ರಮದ ಬಗ್ಗೆ ಗುಡಿಯವರಿಗೂ ಇಷ್ಟು ಕಾಳಜಿಯೇ ಎಂದು ವ್ಯಾಪಾರಿ ಕರಗಿಹೋದ. ಕೊಳದ ಕೋತಿಗಳು ಮಾತ್ರ ಅವನ ಮುಖವನ್ನು ನೆಟ್ಟಗೆ ನೋಡಿದವು. ಸಂಸ್ಕಾರವಿಲ್ಲದ ಪ್ರಾಣಿಗಳು ಎಂದು ಬೈದುಕೊಂಡು ಮುಂದೆ ಹೋದ.

ಸಂಜೆ ಮರಳಿದಾಗ ಒಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಅವನ ಚರ್ಮದ ಬೂಟುಗಳಿದ್ದವು.

"ಅಮ್ಮಾ, ನಿಮ್ಮ ಕಣಿವೆಯ ಜನ ದೊಡ್ಡವರು. ನನ್ನ ಮುಖ ನೋಡುವ ಧೈರ್ಯವನ್ನು ಒಬ್ಬರೂ ಮಾಡಲಿಲ್ಲ. ಎಲ್ಲರ ಕಣ್ಣೂ ನನ್ನ ಪಾದದ ಮೇಲೆಯೇ!" ಎಂದ ವ್ಯಾಪಾರಿ.

ಒಡತಿ ನಗು ನುಂಗಿಕೊಂಡು ಬಗ್ಗಿ ವಂದಿಸಿದಳು. "ನಿಜ, ಯಜಮಾನರೇ. ಇದ್ದ ಜಲಪಾತ, ಇದ್ದ ಸೇತುವೆಯನ್ನೇ ನೋಡಿ ನೋಡಿ ನಮ್ಮವರಿಗೆ ಬೇಸರವಾಗಿತ್ತು. ಇವತ್ತು ನೋಡಲು ಹೊಸದೊಂದು ಸಿಕ್ಕಿತು. ಈಗ ದಯಮಾಡಿ ಅದನ್ನು ಬಿಚ್ಚಿ ಕೊಡಿ. ಒಳಗೆ ಅತಿಥಿಗಳು ಬೆಳಗಿನಿಂದ ತಡೆದುಕೊಂಡು ಕೂತಿದ್ದಾರೆ."

ವ್ಯಾಪಾರಿ ಅವತ್ತು ಮೊದಲ ಬಾರಿಗೆ ಕೆಳಗೆ ನೋಡಿದ. ಬಿಳಿಯ ಅಕ್ಷರಗಳು ಧೂಳಿನಲ್ಲೂ ಚೆನ್ನಾಗಿ ಕಾಣುತ್ತಿದ್ದವು. ಆಮೇಲೆ ಅವನ ಬೀದಿಯಲ್ಲಿ ಎಷ್ಟೋ ಔತಣಗಳಾದವು. ಕಣಿವೆಯ ಮಾತು ಬಂದಾಗಲೆಲ್ಲ ಅವನು ಮೂಲೆಯಲ್ಲಿ ಕುಳಿತು ಸುಮ್ಮನೆ ಉಣ್ಣುತ್ತಿದ್ದ.

ಕತೆ ಮುಗಿಯಿತು. ಮುರಿಗಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಗಳದ ತುಂಬ ಕುಣಿಕುಣಿದು ನಕ್ಕ. "ಎಂಥ ಮಂಕು ಮನುಷ್ಯ, ಗುರುಗಳೇ! ಕಾಲಲ್ಲಿ ಏನಿದೆ ಎಂಬುದೂ ತಿಳಿಯದೆ ಹೋಯಿತೇ?" ಎಂದ.

ಗುರುಗಳು ಮುಳ್ಳು ಕಿತ್ತ ಕಾಲನ್ನು ಮೆಲ್ಲನೆ ಕೆಳಗಿಟ್ಟರು.

"ನಕ್ಕಾದ ಮೇಲೆ ನನ್ನ ಪಾದುಕೆಗಳನ್ನು ಅಲ್ಲೇ ಕಳಚಿಡು, ಮುರಿಗಯ್ಯ, ಪೇಟೆಯವರು ಪ್ರತಿ ಸೋಮವಾರ ಬಂದು ಪೂಜಿಸುವುದು ಅವನ್ನೇ."