ಕೆರೆ ಏರಿಯ ಹೊಗಳುಭಟ

"ಗುರುಗಳೇ, ಲೋಕವೆಲ್ಲ ಬಳಸುವ ಪ್ರಿಂಟ್‌ಎಫ್ ನನ್ನ ಕೈಯಲ್ಲಿ ಮಾತ್ರ ಪಾಪ ಮಾಡಿತೇ? ನನ್ನನ್ನು ಒಂದು ಮಾತೂ ಕೇಳದೆ ನನ್ನ ಪ್ರೋಗ್ರಾಮಿನಿಂದ ಅದನ್ನು ಯಾಕೆ ಅಳಿಸಿದಿರಿ?"

ಪಂಪಾಪತಿ ಇದನ್ನು ನಿಂತುಕೊಂಡೇ ಕೇಳಿದ. ಕೂತು ಕೇಳುವಷ್ಟು ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಪಕ್ಕದ ಮೇಜಿನವರು ಬೆಸುಗೆ ಹಾಕುವ ನೆಪದಲ್ಲಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು.

ಗುರು ಶರಭಯ್ಯ ತಲೆ ಎತ್ತಲಿಲ್ಲ. ಮೇಜಿನ ಮೇಲಿದ್ದ ಪುಟ್ಟ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿನ ತೌಡಿನ ಧೂಳನ್ನು ಕುಂಚದಿಂದ ಗುಡಿಸುತ್ತಿದ್ದರು. ಅಕ್ಕಿ ಗಿರಣಿಗಳ ಸಾಲಿನ ಹಿಂದೆ ಅವರದೊಂದು ತಗಡಿನ ಷೆಡ್ಡು. ಗಿರಣಿಯ ಯಂತ್ರಗಳನ್ನು ಕಾಯುವ ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತಿದ್ದರು, ಬಂದವರಿಗೆ ಆ ವಿದ್ಯೆಯನ್ನು ಕಲಿಸುತ್ತಲೂ ಇದ್ದರು.

ಈ ಪೆಟ್ಟಿಗೆಯ ಕೆಲಸ ಒಂದೇ. ಭತ್ತ ಬೇಯಿಸುವ ಬಾಯ್ಲರಿನಲ್ಲಿ ನೀರು ತಗ್ಗಿದರೆ ಅದು ಹೇಳಬೇಕು. ನೀರಿಲ್ಲದೆ ಉರಿದ ಬಾಯ್ಲರ್ ಸಿಡಿಯುತ್ತದೆ, ಪಕ್ಕದಲ್ಲಿ ನಿಂತವನು ಉಳಿಯುವುದಿಲ್ಲ. ಅದಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದವನು ಪಂಪಾಪತಿ. ಎಷ್ಟು ಚೆಂದ ಬರೆದಿದ್ದ! ಪೆಟ್ಟಿಗೆಯ ಪರದೆಯ ಮೇಲೆ ಮೊದಲು ನಮಸ್ಕಾರ, ಆಮೇಲೆ ಗಿರಣಿಯ ಹೆಸರು, ಆಮೇಲೆ ಒತ್ತಡ, ಉಷ್ಣತೆ, ಎಲ್ಲವೂ ದಶಾಂಶ ಸಮೇತ, ಒಂದರ ಕೆಳಗೊಂದು ಸಾಲಾಗಿ ಮೂಡುತ್ತಿದ್ದವು. ನೋಡಿದವರೆಲ್ಲ ಭೇಷ್ ಎಂದಿದ್ದರು. ಗಿರಣಿಯ ಸಾಹುಕಾರರು ಬೆನ್ನು ತಟ್ಟಿದ್ದರು.

ನಿನ್ನೆ ಗಿರಣಿಯಲ್ಲಿ ನೀರು ನಿಜವಾಗಿಯೇ ತಗ್ಗಿತು. ಪೆಟ್ಟಿಗೆ ಎಚ್ಚರಿಕೆ ಬರೆಯಲು ಹೊರಟಿತು. ಪರದೆ ಕಪ್ಪಾಯಿತು. ಮತ್ತೆ ಮೊದಲಿನಿಂದ ಎದ್ದು ನಮಸ್ಕಾರ ಎಂದಿತು. ಎಚ್ಚರಿಕೆ ಬರೆಯಲು ಹೋಗಿ ಮತ್ತೆ ಕಪ್ಪಾಯಿತು, ಮತ್ತೆ ನಮಸ್ಕಾರ ಎಂದಿತು. ಬಾಯ್ಲರ್ ನೋಡುವ ಹುಸೇನಪ್ಪ ಬೀಡಿ ಹಚ್ಚಲು ಬಗ್ಗಿದವನು ಅಕಸ್ಮಾತ್ತಾಗಿ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಕಡೆ ನೋಡಿದ. ಕೊಳವೆಯಲ್ಲಿ ನೀರು ಕಾಣಲಿಲ್ಲ. ಒಲೆಯ ಉರಿ ಹೊರಗೆಳೆದು ಓಡಿದ. ಹಾಗಾಗಿ ಇವತ್ತು ಬದುಕಿದ್ದಾನೆ.

ಬೆಳಿಗ್ಗೆ ಪಂಪಾಪತಿ ಬರುವಷ್ಟರಲ್ಲಿ ಗುರುಗಳು ಅವನ ಪ್ರೋಗ್ರಾಂ ತೆರೆದು ಪ್ರಿಂಟ್‌ಎಫ್ ಇದ್ದಲ್ಲೆಲ್ಲ ಅಳಿಸಿ ಹಾಕಿದ್ದರು. ಪ್ರಿಂಟ್‌ಎಫ್ ಎಂದರೆ ಸಿ ಭಾಷೆಯ ಜೊತೆ ಸಿದ್ಧವಾಗಿಯೇ ಬರುವ ಒಬ್ಬ ಬರಹಗಾರನಿದ್ದಂತೆ. ಅಂಕಿ ಕೊಟ್ಟರೆ ಅಕ್ಷರ ಮಾಡುತ್ತಾನೆ, ದಶಾಂಶ ಹಾಕುತ್ತಾನೆ, ಅಂಚು ಸರಿ ಮಾಡುತ್ತಾನೆ, ಕೇಳಿದ್ದನ್ನೆಲ್ಲ ಕೇಳಿದ ಹಾಗೆ ಜೋಡಿಸಿ ಕೊಡುತ್ತಾನೆ. ದೊಡ್ಡ ಕಂಪ್ಯೂಟರಿನಲ್ಲಿ ಅವನು ಎಲ್ಲಿ ಕೂತಿದ್ದಾನೆಂದೇ ತಿಳಿಯುವುದಿಲ್ಲ. ಈ ಪೆಟ್ಟಿಗೆಯೊಳಗಿನದು ಉಗುರಿನಷ್ಟು ಚಿಪ್; ಅದರ ನೆನಪಿನ ಜಾಗವನ್ನೆಲ್ಲ ಅವನೇ ಹಿಡಿದಿದ್ದರಿಂದ ಎಚ್ಚರಿಕೆ ಬರೆಯುವ ಹೊತ್ತಿಗೆ ಜಾಗ ಸಾಲದೆ ಅದು ಕುಸಿಯುತ್ತಿತ್ತು. ಅವನ ಜಾಗದಲ್ಲಿ ಗುರುಗಳು ನಾಲ್ಕಾರು ಸಾಲು ತಾವೇ ಬರೆದಿದ್ದರು. ಒಂದು ಪೂರ್ಣಾಂಕವನ್ನು ಅಂಕಿಗಳಾಗಿ ಒಡೆದು, ಒಂದೊಂದೇ ಅಕ್ಷರವನ್ನು ಪರದೆಗೆ ಕಳಿಸುವುದು, ಅಷ್ಟೇ. ನಮಸ್ಕಾರವಿಲ್ಲ, ಗಿರಣಿಯ ಹೆಸರಿಲ್ಲ, ದಶಾಂಶವಿಲ್ಲ. ಈಗ ಪರದೆ 'ನೀರು ೧೨' ಎನ್ನುತ್ತಿತ್ತು. ಮದುವೆಗೆ ಹೊರಟವನ ಅಂಗಿ ಕಿತ್ತು ಕೈಗೆ ಗೋಣಿಚೀಲ ಕೊಟ್ಟ ಹಾಗೆ ಪಂಪಾಪತಿಗೆ ಅನಿಸಿತ್ತು.

"ತಪ್ಪು ನನ್ನದಲ್ಲ ಗುರುಗಳೇ," ಎಂದ. "ಚಿಪ್ ಚಿಕ್ಕದಾಯಿತು. ಅದಕ್ಕೆ ನಾನೇನು ಮಾಡಲಿ?"

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ," ಎಂದರು ಗುರುಗಳು. "ಕೂತುಕೋ ತಮ್ಮಾ. ಒಂದು ಕತೆ ಹೇಳುತ್ತೇನೆ. ನಿನ್ನ ಸಿಟ್ಟನ್ನು ಕೈಬಿಡಬೇಡ, ಮುಂದೆ ಬೇಕಾಗುತ್ತದೆ."

ಪಂಪಾಪತಿ ಸ್ಟೂಲನ್ನು ಸದ್ದಾಗುವಂತೆ ಎಳೆದು ಕೂತ. ಗುರುಗಳು ಹೇಳತೊಡಗಿದರು.

ಒಂದೂರಿಗೆ ಒಂದು ಕೆರೆ. ಕೆರೆ ಮೇಲೆ, ಊರು ಕೆಳಗೆ. ಏರಿಯ ಮೇಲೆ ಒಂದು ಕಲ್ಲಿನ ಗೂಡು. ಒಳಗೆ ಮಲಗಿ ಕಾಲು ಚಾಚಿದರೆ ಪಾದ ಬಾಗಿಲಾಚೆ ಬರಬೇಕು, ಅಷ್ಟು ದೊಡ್ಡದು. ಅದರಲ್ಲಿ ಒಬ್ಬ ನೀರುಗಂಟಿ ಇದ್ದ. ತೂಬು ತೆಗೆಯುವುದು, ತೂಬು ಮುಚ್ಚುವುದು, ಏರಿ ಕಾಯುವುದು ಅವನ ಕೆಲಸ. ಗೂಡಿನಲ್ಲಿ ಒಂದು ತಮಟೆ, ಒಂದು ಗುದ್ದಲಿ, ಬಿರುಕಿಗೆ ತುಂಬಲು ಹುಲ್ಲಿನ ಕಟ್ಟುಗಳು, ಮರಳಿನ ಚೀಲಗಳು. ಇವಿಷ್ಟು ಇಟ್ಟರೆ ಗೂಡು ತುಂಬಿತು. ಇನ್ನೇನೂ ಬೇಕಾಗಿಯೂ ಇರಲಿಲ್ಲ.

ಊರಿನವರು ಅವನಿಗೆ ಮೂರು ಕೂಗು ಗೊತ್ತು ಮಾಡಿದ್ದರು. ತೂಬು ಎಂದು ಕೂಗಿದರೆ ಗದ್ದೆಯವರು ಬರಬೇಕು. ಕೋಡಿ ಎಂದರೆ ಹಳ್ಳದ ಬದಿಯ ದನ ಬಿಚ್ಚಬೇಕು. ಏರಿ ಎಂದರೆ ಹಾಲು ಉಕ್ಕುತ್ತಿದ್ದರೂ ಬಿಟ್ಟು ದಿಬ್ಬಕ್ಕೆ ಓಡಬೇಕು. ಅವನ ಅಪ್ಪ ಹೀಗೇ ಕೂಗಿದ, ಅಜ್ಜನೂ ಹೀಗೇ ಕೂಗಿದ. ಅವನ ತಾಯಿಯ ಮನೆ ಏರಿಯ ಬುಡದ ಕೆಳಗೇರಿಯಲ್ಲಿತ್ತು. ಗೂಡಿನ ಬಾಗಿಲಲ್ಲಿ ನಿಂತರೆ ಅವಳ ಅಂಗಳ ಕಾಣುತ್ತಿತ್ತು. ಅವಳಿಗೆ ಮಂಡಿ ನೋವು, ಕೋಲಿಲ್ಲದೆ ಹೆಜ್ಜೆ ಇಡುತ್ತಿರಲಿಲ್ಲ.

ಆ ಊರಿಗೆ ಹೊಸದಾಗಿ ಒಬ್ಬ ಗೌಡ ಬಂದ. ಒಂದು ದಿನ ಅವನ ಜಗಲಿಯ ಮೇಲೆ ಪಟ್ಟಣದ ನೆಂಟರು ಕೂತಿದ್ದರು. ಅಷ್ಟರಲ್ಲಿ ಏರಿಯಿಂದ ಕೋಡಿ ಎಂಬ ಕೂಗು ಬಂತು. ನೆಂಟರು ನಕ್ಕರು. ನಿಮ್ಮೂರಲ್ಲಿ ಗೌಡರಿಗೆ ಸುದ್ದಿ ಹೇಳುವುದು ಎಮ್ಮೆ ಕರೆದ ಹಾಗೋ ಎಂದರು. ಗೌಡನ ಮುಖ ಸಣ್ಣದಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಎನ್ನುವವರಿರುತ್ತಾರಲ್ಲ, ಅಂಥವನು ಅವನು. ಮಾರನೆಯ ವಾರವೇ ಅರಮನೆಯಲ್ಲಿ ಪಳಗಿದ ಒಬ್ಬ ಹೊಗಳುಭಟನನ್ನು ಕರೆಸಿ ಏರಿಯ ಗೂಡಿನಲ್ಲಿ ಕೂರಿಸಿದ. ಇನ್ನು ಮೇಲೆ ಕೆರೆಯ ಸುದ್ದಿ ಏನಿದ್ದರೂ ಇವನ ಬಾಯಿಂದಲೇ ಬರಬೇಕು, ಮೊದಲು ನನ್ನ ಬಿರುದು, ಆಮೇಲೆ ಸುದ್ದಿ ಎಂದು ಅಪ್ಪಣೆ ಮಾಡಿದ.

ಹೊಗಳುಭಟನ ವಿದ್ಯೆಯಲ್ಲಿ ಹುಳುಕಿರಲಿಲ್ಲ. ಅದನ್ನು ಒಪ್ಪಬೇಕು. ನೀರಿನ ಮಟ್ಟವನ್ನು ಮೊಳದಲ್ಲಿ ಕೇಳಿದರೆ ಮೊಳದಲ್ಲಿ ಹೇಳುತ್ತಿದ್ದ, ಗೇಣಿನಲ್ಲಿ ಕೇಳಿದರೆ ಗೇಣಿನಲ್ಲಿ, ಅಂಗುಲದ ಮುಕ್ಕಾಲನ್ನೂ ಬಿಡದೆ. ಪುರೋಹಿತರಿಗೆ ಒಂದು ಧಾಟಿ, ವ್ಯಾಪಾರಿಗಳಿಗೆ ಒಂದು ಧಾಟಿ. ಅರಮನೆಯಲ್ಲಿ ಇಂಥವನು ಇರಲೇಬೇಕು. ಆದರೆ ಅವನು ಬರಿಗೈಯಲ್ಲಿ ಬರಲಿಲ್ಲ. ಓಲೆಗರಿಯ ಪೆಟ್ಟಿಗೆಗಳು ಬಂದವು, ಗರಿ ಹರಡಿಕೊಳ್ಳಲು ಹಲಗೆ ಬಂತು, ಅವನು ಒರಗಲು ದಿಂಬು ಬಂತು. ಇವಕ್ಕೆಲ್ಲ ಜಾಗ ಬೇಕಲ್ಲ. ಹುಲ್ಲು, ಮರಳು ಗೂಡಿನಿಂದಾಚೆ ಬಿದ್ದವು. ಮಳೆಗೆ ಹುಲ್ಲು ಕೊಳೆಯಿತು, ಚೀಲ ಹರಿದು ಮರಳು ಏರಿಯ ಮೇಲೆಲ್ಲ ಚೆಲ್ಲಿತು.

ನೀರುಗಂಟಿ ಚಾವಡಿಗೆ ಹೋಗಿ ಕೈಮುಗಿದ. "ಬುದ್ಧಿ, ಗೂಡಿನಲ್ಲಿ ಮರಳಿಗೆ ಜಾಗವಿಲ್ಲ. ನಾಳೆ ಏರಿ ಬಿರಿದರೆ ನಾನು ಏನು ತುಂಬಲಿ?"

"ಗೂಡು ಚಿಕ್ಕದಾದರೆ ದೊಡ್ಡದು ಕಟ್ಟಿಸೋಣ," ಎಂದ ಗೌಡ.

ಇಲ್ಲಿ ಪಂಪಾಪತಿಗೆ ತಡೆಯಲಾಗಲಿಲ್ಲ. "ಅವನಿಗೆ ಬುದ್ಧಿ ಇದೆಯೇ?" ಎಂದ. "ಏರಿ ಎಷ್ಟು ಅಗಲವೋ ಅಷ್ಟರಲ್ಲೇ ತಾನೇ ಗೂಡು? ಮೊದಲು ಆ ದಿಂಬನ್ನು ಹೊರಗೆಸೆಯಬೇಕಿತ್ತು."

"ಎಸೆಯಬೇಕಿತ್ತು," ಎಂದರು ಗುರುಗಳು. ಪೆಟ್ಟಿಗೆಯ ಒಂದು ಸ್ಕ್ರೂ ಬಿಗಿ ಮಾಡಿ ಕತೆ ಮುಂದುವರಿಸಿದರು.

ಆ ಊರಿನಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಗೌಡನ ಬಿರುದು ಕಿವಿಗೆ ಬಿದ್ದರೆ ಕೇಳಿದವನು ಇದ್ದಲ್ಲೇ ನಿಲ್ಲಬೇಕು, ಕೈಯಲ್ಲಿದ್ದುದನ್ನು ಕೆಳಗಿಡಬೇಕು, ಮುಗಿಯುವ ತನಕ ಕೈಮುಗಿದಿರಬೇಕು. ಮೊದಲು ಅದು ಚಾವಡಿಯ ನಾಲ್ಕು ಗೋಡೆಯೊಳಗಿನ ಮಾತಾಗಿತ್ತು. ಈಗ ಬಿರುದು ಏರಿಯ ಮೇಲಿನಿಂದ ಬರತೊಡಗಿತು. ದಿನವೂ ಸಂಜೆ ಇಡೀ ಊರು ನಿಂತು ಕೈಮುಗಿದು ಕೆರೆಯ ನೀರಿನ ಲೆಕ್ಕ ಕೇಳಿತು. ಜನಕ್ಕೆ ಬೇಸರವೂ ಆಗಲಿಲ್ಲ. ನಮ್ಮೂರಿನ ಕೆರೆಗೆ ಎಂಥ ಬಾಯಿ ಬಂತು ಎಂದು ಹಿಗ್ಗಿದರು. ನೀರುಗಂಟಿಯ ತಾಯಿಯೂ ಹಿಗ್ಗಿದಳು. ಕೆರೆ ಸುಮ್ಮನಿದ್ದಷ್ಟು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು.

ಒಂದು ದಿನ ಮಳೆ ಬಿಟ್ಟು ಬಿಸಿಲು ಬಿದ್ದ ಹೊತ್ತು. ನೀರುಗಂಟಿ ಏರಿಯ ಬುಡದಲ್ಲಿ ಕೆಂಪು ನೀರು ಒಸರುವುದನ್ನು ಕಂಡ. ತಿಳಿನೀರು ಒಸರಿದರೆ ಹೆದರಬೇಕಾಗಿಲ್ಲ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕರಗುತ್ತಿದೆ ಎಂದು ಅರ್ಥ. ಗೂಡಿಗೆ ಓಡಿ ಬಂದ. ಚೀಲವಿದ್ದ ಜಾಗದಲ್ಲಿ ಓಲೆಗರಿಯ ಪೆಟ್ಟಿಗೆ ಇತ್ತು. ತಮಟೆಗೆ ಕೈ ಹಾಕಿದ. ಹೊಗಳುಭಟ ಅದನ್ನು ಹಿಂದಕ್ಕೆಳೆದುಕೊಂಡ.

"ಅಪ್ಪಣೆ ನೆನಪಿದೆಯೇ? ಮಾತು ನನ್ನದು," ಎಂದ. "ಯಾವ ದಿಕ್ಕು, ಬಿರುಕು ಎಷ್ಟು ಗೇಣು, ಅದನ್ನು ಹೇಳು. ಆ ಜಾಗವನ್ನು ಖಾಲಿ ಬಿಟ್ಟು ನಾನು ಹೇಳಲಾರೆ."

ನೀರುಗಂಟಿ ಬಾಯಿಗೆ ಬಂದ ಅಳತೆ ಹೇಳಿದ. ಹೊಗಳುಭಟ ಗರಿ ಹುಡುಕಿದ, ಹಲಗೆಯ ಮೇಲೆ ಹರಡಿದ, ಗಂಟಲು ಸರಿ ಮಾಡಿಕೊಂಡ. ಸ್ವಸ್ತಿ ಶ್ರೀ ಎಂದು ಶುರು ಮಾಡಿದ. ಏಳೂರಿನ ಒಡೆಯ, ನುಡಿದಂತೆ ನಡೆಯುವವ, ಬೇಡಿದವರಿಗೆ ಇಲ್ಲ ಎನ್ನದವ ಎಂದು ಒಂದೊಂದಾಗಿ ಬಿರುದುಗಳು ಹೊರಟವು. ಕೆಳಗೆ ಊರು ಇದ್ದಲ್ಲೇ ನಿಂತಿತು. ಬಾವಿಯ ಹೆಂಗಸರು ಕೊಡ ಕೆಳಗಿಟ್ಟರು. ದನ ಹೊಡೆಯುತ್ತಿದ್ದವನು ಬಾರುಕೋಲು ಕೆಳಗಿಟ್ಟ. ಕೆಳಗೇರಿಯ ಅಂಗಳದಲ್ಲಿ ಮೊರ ಹಿಡಿದು ಕೂತಿದ್ದ ನೀರುಗಂಟಿಯ ತಾಯಿ ಮೊರ ಬಿಟ್ಟಳು, ಕೋಲೂರಿ ಎದ್ದಳು, ಕೋಲನ್ನು ಗೋಡೆಗೆ ಒರಗಿಸಿ ಎರಡೂ ಕೈ ಮುಗಿದಳು.

ಮಗ ಮೇಲಿನಿಂದ ಅದನ್ನು ನೋಡಿದ. ಅವ್ವಾ ಓಡು ಎಂದು ಕೂಗಿದ. ಹೊಗಳುಭಟನ ಕಂಠದ ಮುಂದೆ ಅವನ ದನಿ ಕೆಳಗೆ ಹೋಗಲಿಲ್ಲ. ಕೊನೆಗೆ ಹೊಗಳುಭಟನ ಬಾಯಿಗೆ ಅಂಗೈ ಒತ್ತಿ, ತಮಟೆ ಕಿತ್ತುಕೊಂಡು, ಅಪ್ಪ ಅಜ್ಜ ಕೂಗಿದ ಹಾಗೆ ಏರಿ ಎಂದು ಕೂಗಿದ. ಊರು ದಿಬ್ಬಕ್ಕೆ ಓಡಿತು. ಕಾಲು ಗಟ್ಟಿ ಇದ್ದವರು ಮುಟ್ಟಿದರು. ತಾಯಿ ಗೋಡೆಗೆ ಒರಗಿಸಿದ ಕೋಲಿಗೆ ಕೈ ಚಾಚಿದಳು. ಅಷ್ಟರಲ್ಲಿ ನೀರು ಅಂಗಳಕ್ಕೆ ಬಂತು.

ಕೆಸರು ಆರಿದ ಮೇಲೆ ಗೌಡ ಚಾವಡಿಯಲ್ಲಿ ನ್ಯಾಯ ಸೇರಿಸಿದ. ಏರಿ ಯಾಕೆ ಒಡೆಯಿತು ಎಂಬ ನ್ಯಾಯ ಅಲ್ಲ ತಮ್ಮಾ. ಬಿರುದನ್ನು ನಡುವೆ ಕಡಿದವನು ಯಾರು ಎಂಬ ನ್ಯಾಯ. ಹೊಗಳುಭಟ ಎದ್ದು, ಅಂದು ಅರ್ಧಕ್ಕೆ ನಿಂತದ್ದನ್ನು ಅಲ್ಲಿಂದಲೇ ಎತ್ತಿಕೊಂಡು ಕೊನೆಯವರೆಗೆ ಹೇಳಿದ. ಒಂದಕ್ಷರ ತಪ್ಪಲಿಲ್ಲ. ಗೌಡ ಅವನಿಗೆ ಶಾಲು ಹೊದಿಸಿದ. ನೀರುಗಂಟಿಯ ತಮಟೆ ಕಸಿದುಕೊಂಡು, ಏರಿಯ ಮೇಲೆ ಕಾಲಿಡಕೂಡದು ಎಂದ.

ನೀರುಗಂಟಿ ಒಂದೇ ಮಾತು ಕೇಳಿದ. "ಬುದ್ಧಿ, ನನ್ನ ಅವ್ವ ನಿಮಗೆ ಕೈಮುಗಿದು ನಿಂತು ನೀರುಪಾಲಾದಳು. ಆ ನಮಸ್ಕಾರ ನಿಮಗೆ ಮುಟ್ಟಿತೇ?"

ಗೌಡ ಮುಖ ತಿರುಗಿಸಿದ. "ತಪ್ಪು ನನ್ನದಲ್ಲ," ಎಂದ. "ಗೂಡು ಚಿಕ್ಕದಾಯಿತು. ಅದಕ್ಕೆ ನಾನೇನು ಮಾಡಲಿ?"

ಗುರುಗಳು ಕತೆ ನಿಲ್ಲಿಸಿದರು.

ಪಂಪಾಪತಿ ಸ್ಟೂಲಿನಿಂದ ಎದ್ದೇಬಿಟ್ಟಿದ್ದ. ಬೆಳಗಿನಿಂದ ಎದೆಯಲ್ಲಿ ಕುದಿಯುತ್ತಿದ್ದ ಸಿಟ್ಟೆಲ್ಲ ಈಗ ಆ ಗೌಡನ ಕಡೆ ತಿರುಗಿತ್ತು. ಮೊರ ಬಿಟ್ಟು ಎದ್ದ ಆ ಮುದುಕಿ, ಗೋಡೆಗೆ ಒರಗಿದ ಕೋಲು ಅವನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಸಾಯುವ ಹೊತ್ತಿನಲ್ಲಿ ಕೈಮುಗಿಸಿ ನಿಲ್ಲಿಸಿದವನು ಗೂಡಿನ ಮೇಲೆ ತಪ್ಪು ಹೊರಿಸುತ್ತಾನಲ್ಲ, ಅವನಿಗೆ ನಾಲಿಗೆ ಹೇಗೆ ಬಂತು ಎಂದು ಅವನ ಮೈ ಉರಿಯಿತು.

"ಊರವರು ಅವನನ್ನು ಸುಮ್ಮನೆ ಬಿಟ್ಟರೇ ಗುರುಗಳೇ?" ಎಂದ. "ಹೊಗಳುಭಟ ಕಲಿತದ್ದನ್ನು ಹೇಳಿದ, ಅವನನ್ನು ಬೈದು ಏನು ಫಲ? ಅವನನ್ನು ತಂದು ಆ ಗೂಡಿನಲ್ಲಿ ಕೂರಿಸಿದವನಿದ್ದಾನಲ್ಲ, ಅವನ ಕೊರಳಪಟ್ಟಿ ಹಿಡಿದು ಕೇಳಬೇಕಿತ್ತು. ಆ ಗೌಡ ಕೊನೆಗೆ ಎಲ್ಲಿ ಹೋದ?"

ಗುರುಗಳು ಪೆಟ್ಟಿಗೆಯ ಮುಚ್ಚಳ ಮುಚ್ಚಿ ಅದನ್ನು ಅವನ ಕೈಗಿತ್ತರು.

"ನಿನ್ನೆ ಗಿರಣಿಯಲ್ಲಿದ್ದ, ಹುಸೇನಪ್ಪನಿಗೆ ನಮಸ್ಕಾರ ಹೇಳಿಸುತ್ತಿದ್ದ."

ಪಂಪಾಪತಿ ಪೆಟ್ಟಿಗೆ ಹಿಡಿದು ಗಿರಣಿಯ ಕಡೆ ಹೊರಟ.