ಪೈಪಿಲ್ಲದ ಮಳೆನೀರು

ದಾರಿ ತಪ್ಪಿ ಅಲೆಯುತ್ತಿದ್ದೆ. ಬಸ್ ಎಲ್ಲಿ ನಿಲ್ಲುತ್ತದೆಂದು ತನ್ನ ಮನೆ ಮುಂದೆ ನಿಂತಿದ್ದ ಫಕೀರವ್ವ ಎಂಬ ಹೆಂಗಸನ್ನು ಕೇಳಿದೆ. ಅವಳು ದಾರಿ ತೋರಿಸುವ ಮೊದಲು ಒಂದು ತಂಬಿಗೆ ನೀರು ಕೊಟ್ಟಳು. ಅಂಗಳದಲ್ಲಿ ನಾಲ್ಕು ಗೂಟಕ್ಕೆ ಧೋತರ ಕಟ್ಟಿ, ನಡುವೆ ಕಲ್ಲಿಟ್ಟು, ಕೆಳಗೆ ಹಂಡೆಯಲ್ಲಿ ಹಿಡಿದ ಮಳೆನೀರು. ಬಲು ಸಿಹಿ.

ಅಷ್ಟರಲ್ಲಿ ಪಂಚಾಯಿತಿ ಸಾಹೇಬರು ನೋಟಿಸು ಹಿಡಿದು ಬಂದರು. ಇಂಥವರನ್ನು ಎಷ್ಟೋ ಊರಲ್ಲಿ ನೋಡಿದ್ದೇನೆ. ಹೊಟ್ಟೆ ಮೊದಲು ಬರುತ್ತದೆ, ನಿಯಮ ಆಮೇಲೆ, ಬುದ್ಧಿ ಬರುವುದೇ ಇಲ್ಲ.

"ಮಳೆನೀರು ಹಿಡಿಯಲು ಪ್ರತಿ ಮನೆಗೂ ಪೈಪ್ ಇರಬೇಕಂತ ನಿಯಮ. ನೀನು ಹಾಕಿಲ್ಲ. ನಾಳೆ ನಿನ್ನ ನಳ ಬಂದ್."

ವಾರಕ್ಕೊಮ್ಮೆ ಬರುವ ಆ ನಳವೇ ಅವಳ ಎಮ್ಮೆಗೆ ಆಸರೆ.

"ಹಂಡೆ ತುಂಬ ಹಿಡಿದೀನಲ್ರೀ."

"ಪೈಪಿಲ್ಲದೆ ಹಿಡಿದದ್ದು ಮಳೆನೀರೇ ಅಲ್ಲ. ಎದುರಿನ ಮನಿ ನೋಡಿ ಕಲಿ."

ಎದುರು ಮನೆಯ ಪೈಪು ಹೊಳೆಯುತ್ತಿತ್ತು. ಅದರ ಕೆಳಗಿನ ನೀರಿನ ಟಾಕಿ ಒಣಗಿ, ಒಳಗೆ ಕೋಳಿ ಕಾವಿಗೆ ಕೂತಿತ್ತು.

ಕೂಗಾಡಿ ಸಾಹೇಬರ ಗಂಟಲು ಒಣಗಿತು. ನೀರು ಕೇಳಿದರು. ಫಕೀರವ್ವ ಆ ಟಾಕಿಯ ತಳಕ್ಕೆ ತಂಬಿಗೆ ಇಳಿಸಿ, ಬಳಿದು ತಂದಳು. ತಂಬಿಗೆಯಲ್ಲಿ ಹನಿ ನೀರಿಲ್ಲ, ಎರಡು ಪುಕ್ಕ.

"ನಿಯಮದ ನೀರು, ಕುಡೀರಿ."

"ಹಂಡೇದು ಕೊಡು."

"ಅದು ಮಳೆನೀರಲ್ಲ ಅಂದ್ರಿ. ಎಂಥಾದ್ದೋ ಏನೋ, ಸಾಹೇಬ್ರಿಗೆ ಹೆಂಗ ಕುಡಿಸ್ಲಿ? ಮಳೆನೀರಂತ ಬರದು ಕೊಡ್ರಿ."

ಸಾಹೇಬರು ಹಲ್ಲು ಕಡಿಯುತ್ತ ನೋಟಿಸಿನ ಬೆನ್ನಿಗೇ ಬರೆದರು: 'ಮಳೆನೀರು ಹಿಡಿದದ್ದು ಸರಿಯಿದೆ.' ಆಮೇಲೆ ಎರಡು ತಂಬಿಗೆ ಗಟಗಟ ಕುಡಿದರು.

"ಸಾಕ್ಷಿ ಬೇಕಲ್ಲ," ಎಂದು ಫಕೀರವ್ವ ನನ್ನತ್ತ ತಿರುಗಿದಳು.

ಸಹಿ ಹಾಕಿದೆ. ಕುಡಿದ ನೀರಿನ ಋಣ ತೀರಿತು.