ಹಲ್ಲಿನ ನಡುವೆ ಒಂದು ಎಲೆ

ಕಪಿಲೆಯ ದಂಡೆಯ ಮಠವೊಂದರಲ್ಲಿ ಪುರಾಣ ಓದುತ್ತಿದ್ದ ಗುರುಮಲ್ಲನಿಗೆ ದವಡೆ ಹಿಡಿದುಕೊಂಡಿತು. ಬಾಯಿ ಎರಡು ಬೆರಳಿನಷ್ಟೂ ತೆರೆಯದು.

ನಿದ್ದೆಯಲ್ಲಿ ಅವನು ಹಲ್ಲು ಕಡಿಯುವುದು ಮಠಕ್ಕೆಲ್ಲ ಗೊತ್ತಿತ್ತು. ಹೊಟ್ಟೆಯಲ್ಲಿ ಹುಳ ಇರಬೇಕು ಅಂದರು ಜೊತೆಯವರು. ಹುಳದ ಔಷಧಿ ಕುಡಿದ. ಹುಳ ಬೀಳಲಿಲ್ಲ, ಹಲ್ಲೊಂದು ಒಡೆದು ಬಿತ್ತು.

ಪೇಟೆಯ ಹಲ್ಲಿನ ಡಾಕ್ಟರು ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳಲು ಮೆತ್ತನೆಯ ಅಚ್ಚೊಂದನ್ನು ಮಾಡಿಕೊಟ್ಟರು. ಮೂರು ತಿಂಗಳಲ್ಲಿ ಅದನ್ನೂ ಕಡಿದು ತೂತು ಮಾಡಿದ. ಊರಿಗೆಲ್ಲ ಶಾಂತಿ ಬೋಧಿಸುವ ಬಾಯಿ ಅದು.

ಶ್ರಾವಣದ ಪುರಾಣಕ್ಕೆ ಎಂಟು ದಿನ ಉಳಿದಿತ್ತು. ಓದಲಾಗದಿದ್ದರೆ ತಾನು ಈ ಮಠದಲ್ಲಿ ಯಾತಕ್ಕೂ ಬೇಡದವನು ಎಂದು ಗುರುಮಲ್ಲನಿಗೆ ಹೆದರಿಕೆ ಹುಟ್ಟಿತು. ಗುರುಗಳಾದ ಶಾಂತಬಸವ ಸ್ವಾಮಿಗಳ ಮುಂದೆ ಹೋಗಿ ನಿಂತ.

"ದವಡೆ ಬಿಡ್ತಾ ಇಲ್ಲ ಬುದ್ದಿ."

"ಯಾವಾಗ ಕಚ್ತೀಯ?"

"ನಿದ್ದೇಲಿ."

"ಹಗಲಲ್ಲಿ?"

"ಇಲ್ಲ ಬುದ್ದಿ."

ಸ್ವಾಮಿಗಳು ಊಟಕ್ಕೆ ತಂದಿಟ್ಟಿದ್ದ ಬಾಳೆ ಎಲೆಯಿಂದ ಉಗುರಿನಷ್ಟು ಹರಿದು ಕೊಟ್ಟರು. "ಹಿಂದಿನ ಹಲ್ಲಿನ ಮಧ್ಯೆ ಇಟ್ಕೊ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಉಣ್ಣೋವಾಗ ಬಿಟ್ರೆ ಹಲ್ಲಿಗೆ ಹಲ್ಲು ತಾಗೋ ಕೆಲಸ ಇಲ್ಲ. ಎಲೇಲಿ ಗುರುತು ಬಿದ್ರೆ, ಆಗ ಏನಾಗ್ತಿತ್ತು ಅಂತ ನೋಡ್ಕೊ. ಸಂಜೆ ಬಂದು ಹೇಳು."

"ಆಗಲಿ ಬುದ್ದಿ."

ಸಂಜೆ ಗುರುಮಲ್ಲ ನಾಲ್ಕು ಎಲೆ ಚೂರು ತಂದ. ನಾಲ್ಕಕ್ಕೂ ಹಲ್ಲಿನ ಗುರುತು ಬಿದ್ದಿತ್ತು.

"ಯಾವಾಗ ಬಿತ್ತು?"

"ಒಲೆ ಊದೋವಾಗ ಬುದ್ದಿ."

"ಊದೋವಾಗ ಹಲ್ಲು ಕಚ್ಚಕ್ಕಾಗಲ್ಲ. ಸುಳ್ಳು ಹೇಳೋದನ್ನೂ ಸರಿಯಾಗಿ ಕಲೀಲಿಲ್ವಲ್ಲ."

ಗುರುಮಲ್ಲ ತಲೆ ತಗ್ಗಿಸಿದ.

ಮರುದಿನ ಸ್ವಾಮಿಗಳು ಅವನನ್ನು ತಮ್ಮ ಹತ್ತಿರವೇ ಕೂರಿಸಿಕೊಂಡರು. ಬೆಳಗಿನಿಂದ ಭಕ್ತರು ಬಂದರು, ಹೋದರು. ಒಬ್ಬ ಜಗಳಗಂಟ ಬಂದು ಗುರುಮಲ್ಲನನ್ನೇ ಬೈದ. ಎಲೆಗೆ ಏನೂ ಆಗಲಿಲ್ಲ.

"ಗುರುಮಲ್ಲ, ಆ ಚೊಂಬು ತತ್ತಾ," ಎಂದರು ಸ್ವಾಮಿಗಳು.

"ಆಗಲಿ ಬುದ್ದಿ."

"ತೆಗಿ ಎಲೇನ."

ಗುರುತು ಬಿದ್ದಿತ್ತು. ಹೊಸ ಚೂರು ಇಟ್ಟುಕೊಂಡ.

"ಪಾಯಸ ಮಾಡವ್ರೆ. ಹೋಗಿ ಎರಡು ಸೌಟು ಕುಡ್ಕೊಂಡು ಬಾ."

"ಆಗಲಿ ಬುದ್ದಿ."

"ತೆಗಿ."

ಮತ್ತೆ ಗುರುತು, ಮತ್ತೆ ಹೊಸ ಚೂರು. ಪಾಯಸ ಕುಡಿ ಅಂದರೂ ಹಲ್ಲು ಕಚ್ಚುವ ಶಿಷ್ಯನನ್ನು ಯಾವ ಗುರು ಕಂಡಿದ್ದಾನೆ? ಸ್ವಾಮಿಗಳು ಭಕ್ತರನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನಾನು ನಿಂಗೇನು ಮಾಡಿದ್ದೀನಿ?"

"ಏನೂ ಇಲ್ಲ ಬುದ್ದಿ."

"ತೆಗಿ."

ಎಲೆ ಎರಡು ತುಂಡಾಗಿತ್ತು.

ಗುರುಮಲ್ಲ ಆ ತುಂಡುಗಳನ್ನು ಅಂಗೈಯಲ್ಲಿ ಹಿಡಿದುಕೊಂಡ. ಆಮೇಲೆ ಹೇಳಿದ.

"ಹನ್ನೊಂದು ವರ್ಷದ ಹಿಂದೆ, ಶ್ರಾವಣದಲ್ಲಿ. ನಮ್ಮವ್ವಂಗೆ ಕಾಯಿಲೆ ಜಾಸ್ತಿಯಾಗ್ಯದೆ ಅಂತ ಅಕ್ಕ ಹೇಳಿಕಳಿಸಿದ್ಲು."

"ನೆನಪದೆ."

"ಹೋಗ್ಬರ್ತೀನಿ ಅಂತ ನಿಮ್ಮನ್ನ ಕೇಳ್ದೆ. ಪುರಾಣ ಮುಗಿಸಿ ಹೋಗು ಅಂದ್ರಿ."

"ನೀನು ಏನಂದೆ?"

"ಆಗಲಿ ಬುದ್ದಿ ಅಂದೆ."

"ಮುಗಿಯಕ್ಕೆ ಎಷ್ಟು ದಿನ ಇತ್ತು?"

"ಮೂರು ದಿನ."

"ಅವ್ವ?"

"ಎರಡನೇ ದಿನ ಹೋಯ್ತು. ಬಾಗಿಲು ಕಾಣೋ ಹಾಗೆ ಮಲಗಿಸಿ, ಮಗ ಬತ್ತಾನೆ ಅಂತಿತ್ತಂತೆ."

ಗುರುಮಲ್ಲ ಎಲೆಯ ತುಂಡುಗಳನ್ನು ನೆಲದ ಮೇಲಿಟ್ಟ.

"ಅದನ್ನಾದರೂ ತಡ್ಕೊಂಡಿದ್ದೆ ಬುದ್ದಿ. ಆದರೆ ಪ್ರತಿ ಶ್ರಾವಣದಲ್ಲೂ ನೀವು ಜನದ ಮುಂದೆ ನನ್ನ ನಿಲ್ಲಿಸ್ತೀರಿ. ನೋಡಿ, ಹೆತ್ತವ್ವ ಸತ್ತರೂ ಪುರಾಣ ಬಿಟ್ಟು ಏಳಲಿಲ್ಲ, ವೈರಾಗ್ಯ ಅಂದ್ರೆ ಇದು ಅಂತೀರಿ. ಹೆಂಗಸರು ಅಳ್ತಾರೆ, ಗಂಡಸರು ಕೈ ಮುಗೀತಾರೆ. ನಾನು ಹಲ್ಲು ಕಚ್ಕೊಂಡು ನಿಂತಿರ್ತೀನಿ. ಅದು ವೈರಾಗ್ಯ ಅಲ್ಲ ಬುದ್ದಿ, ಹೆದರಿಕೆ. ನಿಮ್ಮ ಮಾತು ಮೀರಕ್ಕೆ ಹೆದರಿಕೆ."

ಹನ್ನೊಂದು ವರ್ಷದಲ್ಲಿ ಅವನು ಗುರುಗಳ ಮುಂದೆ ಇಷ್ಟು ಮಾತಾಡಿದ್ದು ಇದೇ ಮೊದಲು.

"ಯಾಕೆ ಹೇಳ್ಲಿಲ್ಲ?" ಎಂದರು ಸ್ವಾಮಿಗಳು.

"ಸಿಟ್ಟು ಬಿಡು ಅಂತ ನೀವೇ ಕಲಿಸಿದ್ರಿ."

"ಬಿಡು ಅಂದೆ. ಬಾಯೊಳಗೆ ಇಟ್ಕೊ ಅಂದೆನಾ?"

"ಬಿಡೋದು ಹೇಗೆ ಅಂತ ಹೇಳ್ಕೊಡ್ಲಿಲ್ಲ ನೀವು."

ಅದಕ್ಕೆ ಸ್ವಾಮಿಗಳ ಹತ್ತಿರ ಉತ್ತರ ಇರಲಿಲ್ಲ. ಎಷ್ಟೋ ಗುರುಗಳ ಹತ್ತಿರ ಇರುವುದಿಲ್ಲ, ಆದರೂ ಅವರು ಏನಾದರೊಂದು ಹೇಳಿಬಿಡುತ್ತಾರೆ. ಇವರು ಸುಮ್ಮನಿದ್ದರು. ಅಷ್ಟು ಮಟ್ಟಿಗೆ ಒಳ್ಳೆಯವರು.

ಕೊನೆಗೆ ಅವರೇ ಕೇಳಿದರು. "ಈಗ ಬಾಯಿ ತೆರೀತದಾ?"

ಗುರುಮಲ್ಲ ತೆರೆದು ನೋಡಿದ. ಎರಡು ಬೆರಳು ಹೋಯಿತು, ಮೂರನೆಯದು ಹೋಗಲಿಲ್ಲ.

"ನೋಯ್ತದೆ ಬುದ್ದಿ."

"ನೋಯ್ತದೆ. ಹನ್ನೊಂದು ವರ್ಷದ್ದು, ಒಂದು ದಿನಕ್ಕೆ ಹೋಗಲ್ಲ. ಬಿಸಿ ಶಾಖ ಕೊಡು. ಗಟ್ಟಿ ಪದಾರ್ಥ ತಿನ್ನಬೇಡ. ಡಾಕ್ಟರ ಹತ್ತಿರ ಹೋಗಿ ಇನ್ನೊಂದು ಅಚ್ಚು ಮಾಡಿಸ್ಕೊ. ಈ ಸಲ ಪುರಾಣ ಬೇರೆಯವರು ಓದಲಿ. ಆ ಕತೇನ ನಾನು ಇನ್ಮೇಲೆ ಹೇಳಲ್ಲ."

ಗುರುಮಲ್ಲ ತಲೆಯಾಡಿಸಿದ. ಆದರೆ ಏಳಲಿಲ್ಲ.

ಶಾಖ, ಅಚ್ಚು, ಮೆತ್ತನೆ ಊಟ, ಇವೆಲ್ಲ ಡಾಕ್ಟರೂ ಹೇಳಿದ್ದರು. ಅವನು ಕಾಯುತ್ತಿದ್ದುದು ಬೇರೆ ಒಂದು ಮಾತಿಗೆ. ಅವ್ವ ಬಾಗಿಲು ನೋಡುತ್ತ ಕಾದಿದ್ದಳಲ್ಲ, ಹಾಗೆಯೇ ಕಾದ.

ಸ್ವಾಮಿಗಳಿಗೂ ಅದು ತಿಳಿಯಿತು. ಅವರ ಕಣ್ಣು ತುಂಬಿತ್ತು.

"ನನ್ನ ಕ್ಷಮಿಸು ಅಂತ ನಾನು ಕೇಳಲ್ಲ ಗುರುಮಲ್ಲ," ಎಂದರು. "ಕೇಳಿದ್ರೆ, ನೀನು ಹಲ್ಲು ಕಚ್ಕೊಂಡು ಕ್ಷಮಿಸಿಬಿಡ್ತೀಯ."